ಬೇಡವಾದ ಹುಂಜವೂ ಶ್ರಾವಕನ ಅಹಿಂಸಾಣುವ್ರತವೂ

ಜೀವದಯಾಷ್ಟಮಿಯ ನೋಂಪಿಯನ್ನು ನಡೆಸುವ ಮನೆಗಳಲ್ಲಿ ಯಶೋಧರ ಮಹಾರಾಜನ ಕಥೆಯನ್ನು ಅರಿಯದವರು ವಿರಳ. ಕ್ರಿ.ಶ. 959ರಲ್ಲಿ ಸೋಮದೇವಸೂರಿಯು ಸಂಸ್ಕೃತದ ‘ಯಶಸ್ತಿಲಕ ಚಂಪು’ವಿನಲ್ಲಿಯೂ, 1209ರಲ್ಲಿ ಜನ್ನಕವಿಯು ಕನ್ನಡದ ‘ಯಶೋಧರ ಚರಿತೆ’ಯಲ್ಲಿಯೂ ನಿರೂಪಿಸಿದ ಈ ಕಥೆಯ ನಡುವೆ ನಿಂತಿರುವುದು ಒಂದು ಹಿಟ್ಟಿನ ಹುಂಜ. ಪ್ರಾಣಿಬಲಿಗೆ ಒಪ್ಪದ ಅರಸನು ತಾಯಿ ಚಂದ್ರಮತಿಯ ಮಾತನ್ನು ಮೀರಲಾರದೆ, ಹಿಟ್ಟಿನಿಂದ ಮಾಡಿದ ಕೋಳಿಯನ್ನು ದೇವಿಯ ಮುಂದೆ ಕಡಿದನು. ಕಡಿದದ್ದು ಹಿಟ್ಟು, ಆದರೆ ಕಡಿಯುವಾಗ ಇದ್ದ ಸಂಕಲ್ಪ ಕೋಳಿಯನ್ನು ಕೊಲ್ಲುವುದೇ ಆಗಿತ್ತು. ಆ ಒಂದು ಸಂಕಲ್ಪದ ಫಲವಾಗಿ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರಗಳಲ್ಲಿ ತಿರ್ಯಂಚಗತಿಯ ದುಃಖವನ್ನು ಅನುಭವಿಸಬೇಕಾಯಿತು.

ಈ ಕಥೆಯನ್ನು ಕೇಳಿ ಕೈಮುಗಿಯುವ ಮನೆಗಳಲ್ಲಿಯೇ ಇಂದು ಬೇರೊಂದು ಹುಂಜದ ಪ್ರಶ್ನೆ ತಲೆದೋರುತ್ತಿದೆ. ಇದು ಹಿಟ್ಟಿನದಲ್ಲ, ಜೀವವುಳ್ಳದ್ದು. ಮಕ್ಕಳ ಹಟಕ್ಕಾಗಿ ಮರಿಯಾಗಿದ್ದಾಗ ತಂದದ್ದು. ಈಗ ಬೆಳೆದು ಬೇಡವಾಗಿದೆ. ಅದನ್ನು ಕೊಲ್ಲುವ ಎಣಿಕೆ ಮನೆಯಲ್ಲಿ ಯಾರಿಗೂ ಇಲ್ಲ. ‘ಯಾರಿಗಾದರೂ ಕೊಟ್ಟುಬಿಟ್ಟರಾಯಿತು’ ಎಂಬ ಮಾತು ಮಾತ್ರ ಇದೆ. ಯಶೋಧರನಲ್ಲಿ ಸಂಕಲ್ಪವಿತ್ತು, ಕಣ್ಣಿಗೆ ಕಾಣುವ ಪ್ರಾಣಹಾನಿ ಇರಲಿಲ್ಲ; ಇಲ್ಲಿ ಸಂಕಲ್ಪವಿಲ್ಲ, ಪ್ರಾಣಹಾನಿ ಮಾತ್ರ ಬಹುಮಟ್ಟಿಗೆ ನಿಶ್ಚಿತ. ಹಾಗಾದರೆ ಕೊಟ್ಟವನ ಅಣುವ್ರತ ಉಳಿಯಿತೇ, ಕೆಟ್ಟಿತೇ ಎಂಬುದು ವಿಚಾರಣೀಯವಾದ ವಿಷಯವಾಗಿದೆ.

ಹುಂಜ ಮನೆಗೆ ಬರುವ ಬಗೆ

ಕೋಳಿ ಸಾಕುವುದು ಜೈನ ಮನೆತನಗಳ ರೂಢಿಯಲ್ಲ. ಆದುದರಿಂದ ಅದು ಮನೆಗೆ ಬರುವುದು ಆಟಿಕೆಯ ರೂಪದಲ್ಲಿ. ಜಾತ್ರೆಗಳಲ್ಲಿ, ಸಂತೆಗಳಲ್ಲಿ, ಶಾಲೆಯ ಬಾಗಿಲುಗಳಲ್ಲಿ ಗುಲಾಬಿ, ಹಸಿರು, ನೀಲಿ ಬಣ್ಣ ಬಳಿದ ಕೋಳಿಮರಿಗಳನ್ನು ಬುಟ್ಟಿಯಲ್ಲಿಟ್ಟು ಮಾರುವುದನ್ನು ಕಾಣದವರಿಲ್ಲ. ಇವು ಇಷ್ಟು ಅಗ್ಗವಾಗಿ ದೊರೆಯುವುದಕ್ಕೆ ಕಾರಣವುಂಟು. ಮೊಟ್ಟೆಯ ಉದ್ಯಮಕ್ಕಾಗಿ ಮರಿಮಾಡುವ ಕೇಂದ್ರಗಳಲ್ಲಿ ಒಡೆಯುವ ಮೊಟ್ಟೆಗಳಲ್ಲಿ ಸುಮಾರು ಅರ್ಧದಷ್ಟು ಗಂಡುಮರಿಗಳು. ಅವು ಮೊಟ್ಟೆ ಇಡಲಾರವು; ಮಾಂಸಕ್ಕೆಂದು ಬೆಳೆಸುವ ತಳಿಯಂತೆ ಬೇಗ ಬೆಳೆಯಲಾರವು. ಆದುದರಿಂದ ಹುಟ್ಟಿದ ದಿನವೇ ಅವನ್ನು ಬೇರ್ಪಡಿಸಿ ಕೊಲ್ಲುವುದು ಆ ಉದ್ಯಮದ ಸಾಮಾನ್ಯ ಕ್ರಮವಾಗಿದೆ. ಹಾಗೆ ಕಸವೆಂದು ಎಣಿಸಲ್ಪಟ್ಟ ಮರಿಗಳಲ್ಲಿ ಕೆಲವು ಬಣ್ಣ ಬಳಿಸಿಕೊಂಡು ಬೀದಿಗೆ ಬರುತ್ತವೆ. ಜರ್ಮನಿಯಲ್ಲಿ 2022ರ ಜನವರಿಯಿಂದ ಈ ಕೊಲೆಯನ್ನು ಕಾಯಿದೆಯಿಂದ ನಿಷೇಧಿಸಲಾಗಿದೆ. ಅಲ್ಲಿ ಮೊಟ್ಟೆಯೊಳಗಿರುವಾಗಲೇ ಗಂಡು ಹೆಣ್ಣನ್ನು ಗುರುತಿಸಿ ಗಂಡಿನ ಮೊಟ್ಟೆಯನ್ನು ನಾಶಮಾಡುವ ಉಪಾಯವೂ ಬಳಕೆಗೆ ಬಂದಿದೆ. ಗರ್ಭಸ್ಥ ಜೀವವನ್ನೂ ಜೀವವೆಂದೇ ಎಣಿಸುವ ಜೈನದೃಷ್ಟಿಗೆ ಇದು ಪರಿಹಾರವಲ್ಲ. ಹಿಂಸೆಯ ದಿನವನ್ನು ಹಿಂದಕ್ಕೆ ತಳ್ಳಿದಂತಷ್ಟೆ.

ಇನ್ನೊಂದು ದಾರಿ ನಗರಗಳದು. ಸಾಕುಪ್ರಾಣಿಗಳ ಅಂಗಡಿಗಳಲ್ಲಿ ಬ್ಯಾಂಟಮ್ ಎಂಬ ಕುಳ್ಳ ಜಾತಿಯ ಕೋಳಿಗಳನ್ನೂ, ರೇಷ್ಮೆಯಂಥ ಗರಿಯ ಸಿಲ್ಕಿ ಕೋಳಿಗಳನ್ನೂ ಜೋಡಿಜೋಡಿಯಾಗಿ ಮಾರುತ್ತಾರೆ. ಅಂಗೈಯಲ್ಲಿ ಹಿಡಿಯುವಂತಿರುವ ಮರಿಯನ್ನು ಕಂಡಾಗ ಅದು ಗಂಡೋ ಹೆಣ್ಣೋ ಎಂದು ಕೊಳ್ಳುವವನಿಗೆ ತಿಳಿಯದು. ಸಿಲ್ಕಿ ಜಾತಿಯಲ್ಲಂತೂ ಕೆಲವು ತಿಂಗಳು ಕಳೆಯುವವರೆಗೆ ನುರಿತವರಿಗೂ ಅದು ಕಷ್ಟ.

ಬೀದಿಯಲ್ಲಿ ಕೊಂಡ ಮರಿಗಳು ತಾಯಿಯ ಕಾವಿಲ್ಲದೆ, ತಕ್ಕ ಆಹಾರವಿಲ್ಲದೆ ಬಹುಪಾಲು ಕೆಲವೇ ದಿನಗಳಲ್ಲಿ ಸಾಯುತ್ತವೆ. ಬದುಕಿ ಉಳಿದದ್ದು ನಾಲ್ಕೈದು ತಿಂಗಳಲ್ಲಿ ಕೂಗತೊಡಗುತ್ತದೆ; ಬರಬರುತ್ತ ಕಾಲಿನ ಹಿಂಬದಿಯಲ್ಲಿ ಮುಳ್ಳು ಬಲಿಯುತ್ತದೆ. ಹತ್ತಿರ ಹೋದ ಮಗುವನ್ನು ಕುಕ್ಕುವುದೂ ಉಂಟು. ನೆರೆಯವರಿಗೆ ನಸುಕಿನ ನಿದ್ದೆ ಕೆಡುತ್ತದೆ. ಕುಳ್ಳ ಜಾತಿಯದಾದರೂ ಅದರ ಕೂಗು ಕುಳ್ಳಲ್ಲ. ಆಗ ಮನೆಯ ಹಿರಿಯರು ತೋಟದ ಆಳನ್ನೋ, ಹಾಲು ತರುವವನನ್ನೋ ಕರೆದು, ‘ಇದನ್ನು ನೀನೇ ಇಟ್ಟುಕೋಪ್ಪಾ’ ಎನ್ನುತ್ತಾರೆ. ಅವನೂ ಸಂತೋಷದಿಂದ ಒಯ್ಯುತ್ತಾನೆ. ಮುಂದೆ ಏನಾಯಿತೆಂದು ಕೇಳುವವರಿಲ್ಲ. ಕೇಳದಿರುವುದರಲ್ಲಿಯೇ ಮನೆಯ ನೆಮ್ಮದಿ ಅಡಗಿರುತ್ತದೆ.

ಮೂರು ಸಮಾಧಾನಗಳು

ಹೀಗೆ ಕೊಟ್ಟ ಹುಂಜದ ಗತಿ ಯಾರಿಗೂ ತಿಳಿಯದ ಗುಟ್ಟಲ್ಲ. ಯುಗಾದಿಯ ಮರುದಿನದ ಹೊಸತೊಡಕಿಗೆ, ಮಾರಿಹಬ್ಬದ ಹರಕೆಗೆ, ಬಂದ ನೆಂಟರ ಊಟಕ್ಕೆ ಅದು ಸಲ್ಲುತ್ತದೆ. ತುಳುನಾಡಿನ ಕಡೆ ಗಟ್ಟಿಮುಟ್ಟಾದ ಹುಂಜವಾದರೆ ಕಾಲಿಗೆ ಕತ್ತಿ ಕಟ್ಟಿಸಿಕೊಂಡು ಕೋಳಿ ಅಂಕಕ್ಕೆ ಇಳಿಯುವುದೂ ಉಂಟು. ಒಯ್ದವನನ್ನು ದೂಷಿಸುವಂತಿಲ್ಲ, ಅವನ ಮನೆಯ ನಡೆವಳಿಕೆಯಲ್ಲಿ ಕೋಳಿಯೆಂದರೆ ಆಹಾರ. ಅವನು ಯಾವ ವ್ರತವನ್ನೂ ಮುರಿಯಲಿಲ್ಲ. ವ್ರತವಿದ್ದುದು ಕೊಟ್ಟವನಲ್ಲಿ.

ಕೊಟ್ಟವನು ತನಗೆ ಮೂರು ಸಮಾಧಾನಗಳನ್ನು ಹೇಳಿಕೊಳ್ಳುವನು. ‘ಕೊಂದವನು ನಾನಲ್ಲ’ ಎಂಬುದು ಮೊದಲನೆಯದು. ‘ಅದರ ಆಯುಷ್ಯ ಅಷ್ಟೇ ಇದ್ದಿತು’ ಎಂಬುದು ಎರಡನೆಯದು. ‘ನಾನು ಮಾಡಿದ್ದು ದಾನ’ ಎಂಬುದು ಮೂರನೆಯದು. ಈ ಮೂರನ್ನೂ ಆಗಮದ ಬೆಳಕಿನಲ್ಲಿ ಒಂದೊಂದಾಗಿ ನೋಡುವುದು ಯುಕ್ತ.

ಮೊದಲನೆಯ ಸಮಾಧಾನಕ್ಕೆ ಉತ್ತರ ತತ್ತ್ವಾರ್ಥಸೂತ್ರದಲ್ಲಿಯೇ ಇದೆ. ಕೃತ, ಕಾರಿತ, ಅನುಮೋದನ ಎಂಬ ಮೂರು ದಾರಿಗಳಿಂದಲೂ ಆಸ್ರವವಾಗುತ್ತದೆಂದು ಉಮಾಸ್ವಾಮಿಗಳು ಹೇಳಿದ್ದಾರೆ. ತಾನು ಮಾಡದಿದ್ದರೂ ಮಾಡಿಸಿದರೆ, ಮಾಡುವುದಕ್ಕೆ ಮನಸ್ಸಿನಲ್ಲಿ ಒಪ್ಪಿದರೆ ಪಾಪಬಂಧ ತಪ್ಪದು. ಇಲ್ಲಿ ಕೊಟ್ಟವನು ‘ಕೊಲ್ಲು’ ಎಂದು ಹೇಳಲಿಲ್ಲ ನಿಜ. ಆದರೆ ಹೊಸತೊಡಕಿನ ಹಿಂದಿನ ವಾರ ಹುಂಜವನ್ನು ಒಪ್ಪಿಸುವಾಗ, ಅದು ಎಲ್ಲಿಗೆ ಹೋಗುತ್ತದೆಂಬುದನ್ನು ಅವನ ಮನಸ್ಸು ಬಲ್ಲದು. ಬಲ್ಲದ್ದನ್ನು ಬಾಯಿಂದ ಹೇಳಗೊಡದೆ ತಡೆದಿರುತ್ತದೆ. ಇದಕ್ಕೆ ಅನುಮೋದನವಲ್ಲದೆ ಬೇರೆ ಹೆಸರಿಲ್ಲ. ಮೇಲಾಗಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಸೂತ್ರಕಾರರು ಪ್ರಾಣಹಾನಿಯ ಜೊತೆಗೆ ಪ್ರಮತ್ತಯೋಗವನ್ನು, ಎಂದರೆ ಎಚ್ಚರಗೇಡಿತನವನ್ನು, ಕಾರಣವಾಗಿ ಹೇಳಿದ್ದಾರೆ. ಕೇಳದೆ ಕೊಡುವುದು ಎಚ್ಚರಗೇಡಿತನ. ಕೇಳಬಾರದೆಂದೇ ಕೇಳದಿರುವುದು ಅದಕ್ಕಿಂತಲೂ ಗುರುತರವಾದುದು.

ಎರಡನೆಯ ಸಮಾಧಾನವು ತತ್ತ್ವದ ಉಡುಪು ತೊಟ್ಟು ಬರುವುದರಿಂದ ಹೆಚ್ಚು ಅಪಾಯಕಾರಿ. ಜೀವವು ಸಾಯುವುದು ತನ್ನ ಆಯುಃಕರ್ಮ ತೀರಿದಾಗಲೇ. ಒಬ್ಬನು ಇನ್ನೊಬ್ಬನ ಆಯುಷ್ಯವನ್ನು ಕೊಡಲೂ ಆರನು, ಕಳೆಯಲೂ ಆರನು ಎಂಬ ಮಾತು ಸಮಯಸಾರದ ಬಂಧಾಧಿಕಾರದಲ್ಲಿ ಬಂದಿರುವುದು ಸತ್ಯ. ಆದರೆ ಕುಂದಕುಂದಾಚಾರ್ಯರು ಅಲ್ಲಿಗೇ ನಿಲ್ಲಲಿಲ್ಲ. ಜೀವ ಸಾಯಲಿ ಬದುಕಲಿ, ಬಂಧವು ಉಂಟಾಗುವುದು ಅಧ್ಯವಸಾನದಿಂದ ಎಂದು ಅವರು ಮುಂದೆಯೇ ಸ್ಪಷ್ಟಪಡಿಸಿದ್ದಾರೆ. ಹುಂಜದ ಸಾವಿಗೆ ಉಪಾದಾನ ಅದರ ಕರ್ಮ. ಕೊಟ್ಟವನ ಬಂಧಕ್ಕೆ ಉಪಾದಾನ ಕೊಟ್ಟವನ ಭಾವ. ಎರಡೂ ಲೆಕ್ಕಗಳು ಬೇರೆಬೇರೆ. ಹುಂಜದ ಲೆಕ್ಕವನ್ನು ತೋರಿಸಿ ತನ್ನ ಲೆಕ್ಕವನ್ನು ತೀರಿಸಿಕೊಳ್ಳಲು ಬರುವುದಿಲ್ಲ. ನಿಶ್ಚಯನಯದ ಮಾತನ್ನು ದಯೆಯನ್ನು ಬಿಡುವುದಕ್ಕೆ ನೆವವಾಗಿ ಬಳಸುವುದು ನಿಶ್ಚಯಾಭಾಸವೆನಿಸುವುದು.

ಮೂರನೆಯದು ದಾನದ ಮಾತು. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಹುಂಜವನ್ನು ಹೀಗೆ ಕೊಡುವುದು ಯಾವ ದಾನಕ್ಕೆ ಸೇರುವುದು? ಅದು ಪಡೆದವನ ಆಹಾರವಾದುದರಿಂದ ಆಹಾರದಾನವೆನ್ನಲು ಯಾವ ಶ್ರಾವಕನ ನಾಲಗೆಯೂ ಏಳದು. ಅಭಯದಾನವಂತೂ ಅಲ್ಲವೇ ಅಲ್ಲ. ಇಷ್ಟು ದಿನ ಮನೆಯಲ್ಲಿದ್ದ ಅಭಯವೂ ಅಂದಿಗೆ ತಪ್ಪಿತು. ಸಮಂತಭದ್ರಸ್ವಾಮಿಗಳು ರತ್ನಕರಂಡಕ ಶ್ರಾವಕಾಚಾರದಲ್ಲಿ ಐದು ಅನರ್ಥದಂಡಗಳನ್ನು ಎಣಿಸುವಾಗ ‘ಹಿಂಸಾದಾನ’ವೆಂಬ ಒಂದನ್ನು ಹೇಳಿದ್ದಾರೆ. ಕೊಡಲಿ, ಕತ್ತಿ, ಬೆಂಕಿ, ಸಂಕೋಲೆ ಮೊದಲಾದ ಹಿಂಸೆಯ ಸಾಧನಗಳನ್ನು ಇತರರಿಗೆ ಕೊಡುವುದು ಅದರ ಅರ್ಥ. ಕೊಲ್ಲುವ ಕತ್ತಿಯನ್ನು ಕೊಡುವುದೇ ದೋಷವಾದರೆ, ಕತ್ತಿಗೆ ಕೊರಳನ್ನು ಕೊಡುವುದು ನಿರ್ದೋಷವಾಗುವುದೆಂತು? ಆದುದರಿಂದ ಒಂದೇ ಹುಂಜವನ್ನು ಒಂದೇ ಕೈಯಿಂದ ಕೊಡುವ ಕ್ರಿಯೆ, ಕೊಡುವ ಬಗೆಯ ಮೇಲೆ ಅಭಯದಾನವೂ ಆಗಬಹುದು, ಹಿಂಸಾದಾನವೂ ಆಗಬಹುದು.

ಎಚ್ಚರವೇ ಅಳತೆಗೋಲು

ಇಲ್ಲಿ ಒಂದು ಸಂದೇಹ ಏಳುವುದು ಸಹಜ. ಎಷ್ಟು ವಿಚಾರಿಸಿ ಕೊಟ್ಟರೂ ಮುಂದೆ ನಾಯಿಯೋ ಮುಂಗುಸಿಯೋ ಅದನ್ನು ಹಿಡಿಯಬಹುದು. ಪಡೆದವನು ಮಾತು ತಪ್ಪಬಹುದು. ಹಾಗಾದರೆ ಯಾರಿಗೂ ಕೊಡಲೇ ಬಾರದೆ?

ಈರ್ಯಾಸಮಿತಿಯಿಂದ ನಡೆಯುವ ಮುನಿಯ ದೃಷ್ಟಾಂತ ಈ ಸಂದೇಹವನ್ನು ಬಿಡಿಸುತ್ತದೆ. ನೆಲವನ್ನು ನೋಡಿ ಎಚ್ಚರದಿಂದ ಕಾಲಿಡುವ ಮುನಿಯ ಪಾದದಡಿಗೆ ಹಠಾತ್ತನೆ ಬಂದ ಸೂಕ್ಷ್ಮಜೀವಿ ಸತ್ತರೂ ಅವನಿಗೆ ಹಿಂಸೆಯ ಬಂಧವಿಲ್ಲವೆಂದೂ, ಎಚ್ಚರವಿಲ್ಲದೆ ನಡೆಯುವವನ ಕಾಲಡಿ ಒಂದು ಜೀವಿಯೂ ಸಾಯದಿದ್ದರೂ ಅವನಿಗೆ ಹಿಂಸೆಯ ದೋಷ ತಪ್ಪದೆಂದೂ ಆಚಾರ್ಯರು ನಿರ್ಣಯಿಸಿದ್ದಾರೆ. ಈ ನಿರ್ಣಯವನ್ನು ಹುಂಜದ ವಿಷಯಕ್ಕೆ ಅನ್ವಯಿಸಿದರೆ ಫಲಿತಾರ್ಥ ಸ್ಪಷ್ಟವಾಗುವುದು. ವಿಚಾರಿಸಿ, ಮಾತು ಪಡೆದು, ಹೋಗಿ ನೋಡಿ ಒಪ್ಪಿಸಿದ ಹುಂಜ ದೈವವಶದಿಂದ ಸತ್ತರೆ ಕೊಟ್ಟವನು ದುಃಖಿಸಬೇಕಾದುದುಂಟು, ವ್ರತಭಂಗವಾಯಿತೆಂದು ಅಂಜಬೇಕಾದುದಿಲ್ಲ. ವಿಚಾರಿಸದೆ ಒಪ್ಪಿಸಿದ ಹುಂಜ ಪುಣ್ಯವಶದಿಂದ ಹತ್ತು ವರ್ಷ ಬದುಕಿದರೂ ಕೊಟ್ಟವನ ದೋಷ ದೋಷವೇ. ಹೊಣೆಯ ಅಳತೆ ಫಲದಲ್ಲಿಲ್ಲ. ಕೊಡುವ ಗಳಿಗೆಯ ಎಚ್ಚರದಲ್ಲಿದೆ.

ಕೊಡುವ ತನಕ

ತಕ್ಕ ನೆಲೆ ಸಿಗುವ ತನಕ ಹುಂಜ ಇರಬೇಕಾದುದು ತಂದವರ ಮನೆಯಲ್ಲಿ. ಅಹಿಂಸಾಣುವ್ರತದ ಐದು ಅತಿಚಾರಗಳಾದ ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧಗಳಲ್ಲಿ ಹಲವು ಈ ದಿನಗಳಲ್ಲಿಯೇ ನುಸುಳುತ್ತವೆ. ಓಡದಂತೆ ಕಾಲಿಗೆ ಹಗ್ಗ ಬಿಗಿಯುವುದು ಬಂಧ. ಕುಕ್ಕಿತೆಂದು ಕೋಲಿನಿಂದ ಹೊಡೆಯುವುದು ವಧ. ಮುಳ್ಳನ್ನು ಬುಡದವರೆಗೆ ಕತ್ತರಿಸುವುದು ಛೇದ. ಕೂಗು ಅಡಗಲೆಂದು ಕಾಳು ನೀರು ಕಡಿಮೆ ಮಾಡುವುದು ಅನ್ನಪಾನನಿರೋಧ.

ಕೂಗನ್ನು ಅಡಗಿಸುವ ಯತ್ನವೇ ವ್ಯರ್ಥವಾದುದು. ಜಪಾನಿನ ನಗೋಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದ ಸಂಶೋಧನೆಯಂತೆ, ಹುಂಜವು ಬೆಳಕನ್ನು ಕಂಡು ಮಾತ್ರ ಕೂಗುವುದಲ್ಲ. ಅದರ ದೇಹದೊಳಗಿನ ಕಾಲಗಣನೆಯೇ ನಸುಕಿನ ಮುಂಚೆ ಅದನ್ನು ಕೂಗಿಸುತ್ತದೆ. ಕತ್ತಲೆಯ ಗೂಡಿನಲ್ಲಿಟ್ಟರೆ ಶಬ್ದ ಹೊರಗೆ ಕೇಳುವುದು ತುಸು ಕಡಿಮೆಯಾಗಬಹುದು, ಕೂಗು ನಿಲ್ಲದು. ಕೊರಳಿಗೆ ಪಟ್ಟಿ ಬಿಗಿದು ಧ್ವನಿಯನ್ನು ಕುಗ್ಗಿಸುವ ಸಾಧನಗಳೂ ಇವೆ; ಉಸಿರಿಗೆ ತಡೆಯೊಡ್ಡುವ ಅಪಾಯವಿರುವ ಇಂತಹ ಸಾಧನವು ವ್ರತಿಯ ಮನೆಗೆ ತಕ್ಕುದಲ್ಲ. ಯಶೋಧರನ ಕಥೆಯಲ್ಲಿ ತಾಯಿ ಮಗ ಕಡೆಗೆ ಕೋಳಿಗಳಾಗಿ ಹುಟ್ಟಿ, ಮುನಿಯ ಉಪದೇಶವನ್ನು ಕೇಳಿ, ಪೂರ್ವಜನ್ಮಗಳನ್ನು ನೆನೆದು ಹರ್ಷದಿಂದ ಕೂಗಿದರು. ಆ ಕೂಗನ್ನೇ ಗುರಿಯಾಗಿಸಿ ಯಶೋಮತಿಯು ಶಬ್ದವೇಧಿ ಬಾಣವನ್ನು ಬಿಟ್ಟನು. ಆ ಅರಸನು ಕೊಂದದ್ದು ತನ್ನ ತಂದೆಯನ್ನೂ ಅಜ್ಜಿಯನ್ನೂ ಎಂಬುದು ಅವನಿಗೆ ತಿಳಿದಿರಲಿಲ್ಲ. ಧ್ವನಿಯೊಂದೇ ಅಪರಾಧವಾಗಿ ಮನೆಯಿಂದ ಹೊರಬೀಳುವ ಹುಂಜವನ್ನು ಕಾಣುವಾಗ ಈ ಭಾಗವನ್ನು ನೆನೆಯುವುದು ಉಚಿತ.

ನೆರೆಯವರ ನಿದ್ದೆಯೂ ಅಲಕ್ಷಿಸತಕ್ಕ ವಿಷಯವಲ್ಲ. ತನ್ನ ದಯೆಯ ಭಾರವನ್ನು ಪಕ್ಕದ ಮನೆಯ ರೋಗಿಯ ಮೇಲೂ ಕೂಸಿನ ಮೇಲೂ ಹೊರಿಸುವುದು ದಯೆಯಲ್ಲ. ಅವರಿಗೆ ವಿಷಯವನ್ನು ತಿಳಿಸಿ, ಕೆಲವು ವಾರಗಳ ಅವಕಾಶ ಬೇಡಿ, ಆ ಅವಧಿಯಲ್ಲಿ ನೆಲೆ ಹುಡುಕುವುದು ಸರಿಯಾದ ಮಾರ್ಗ.

ಕೊಡುವ ಕ್ರಮ

ಮೊದಲನೆಯದಾಗಿ, ಕೇಳಬೇಕಾದುದು ಬಂಧುಗಳಲ್ಲಿ, ಸಾಧರ್ಮಿಗಳಲ್ಲಿ. ತೋಟ, ಹೊಲ, ದೊಡ್ಡ ಹಿತ್ತಿಲು ಇರುವ ಜೈನ ಮನೆಗಳು ಬೆಳಗಾವಿ, ಧಾರವಾಡ, ಹಾಸನ, ದಕ್ಷಿಣ ಕನ್ನಡದ ಕಡೆಗಳಲ್ಲಿ ಇಂದಿಗೂ ಉಂಟು. ಅಲ್ಲಿ ಒಂದು ಕುಳ್ಳ ಹುಂಜಕ್ಕೆ ಬೇಕಾದುದು ಅಲ್ಪ: ರಾತ್ರಿ ಮುಂಗುಸಿ ನುಗ್ಗದ ಗಟ್ಟಿ ಗೂಡು, ಕೂರಲು ಒಂದು ಅಡ್ಡಗೋಲು, ಹಗಲು ಓಡಾಡಲು ನೆರಳಿನ ನೆಲ, ದಿನಕ್ಕೆ ಒಂದೆರಡು ಹಿಡಿ ಜೋಳ, ಭತ್ತ ಅಥವಾ ರಾಗಿ, ಸ್ವಲ್ಪ ಸೊಪ್ಪು, ಶುದ್ಧವಾದ ನೀರು.

ಎರಡನೆಯದಾಗಿ, ಹುಂಜದ ಗುಣದೋಷಗಳನ್ನು ಮುಚ್ಚಿಡಬಾರದು. ಕುಕ್ಕುವುದನ್ನು ‘ಬಹಳ ಸಾಧು’ ಎಂದು ಹೇಳಿ ಒಪ್ಪಿಸಿದರೆ ಸತ್ಯಾಣುವ್ರತಕ್ಕೆ ಕುಂದು. ಮೋಸಹೋದವನು ಅದನ್ನು ಮೂರೇ ದಿನಕ್ಕೆ ಬೇರೊಬ್ಬನಿಗೆ ದಾಟಿಸುವನು. ಅಲ್ಲಿಂದ ಮುಂದಿನ ಕೈ ಯಾವುದೆಂದು ಯಾರೂ ಬಲ್ಲವರಿಲ್ಲ.

ಮೂರನೆಯದಾಗಿ, ಪಡೆಯುವವನಲ್ಲಿ ಆಗಲೇ ಹುಂಜಗಳಿದ್ದಾವೆಯೇ, ಎಷ್ಟು ಹೇಂಟೆಗಳಿವೆ ಎಂಬುದನ್ನು ತಿಳಿಯಬೇಕು. ಸಾಮಾನ್ಯವಾಗಿ ಎಂಟು ಹತ್ತು ಹೇಂಟೆಗಳಿಗೆ ಒಂದು ಹುಂಜ ಸಾಕು. ಹೇಂಟೆಗಳು ಕಡಿಮೆಯಿದ್ದು ಹುಂಜಗಳು ಹೆಚ್ಚಾದರೆ ಹೇಂಟೆಗಳ ಬೆನ್ನಿನ ಗರಿ ಕಿತ್ತು ಗಾಯವಾಗುತ್ತದೆ. ಹುಂಜಗಳೂ ತಮ್ಮಲ್ಲಿ ಕಾದಾಡುತ್ತವೆ. ಹೇಂಟೆಗಳಿಲ್ಲದ ಕಡೆ, ವಿಶಾಲವಾದ ಸ್ಥಳದಲ್ಲಿ, ಎಳೆಯ ವಯಸ್ಸಿನಿಂದ ಕೂಡಿ ಬೆಳೆದ ಹುಂಜಗಳು ಹೆಚ್ಚಾಗಿ ಜಗಳವಿಲ್ಲದೆ ಬಾಳುತ್ತವೆ. ಶ್ರಾವಕನ ದೃಷ್ಟಿಯಿಂದ ಇದೇ ಉತ್ತಮವಾದ ನೆಲೆ. ಹೇಂಟೆಯೊಡನೆ ಬಿಟ್ಟರೆ ಮರಿಗಳಾಗುವವು, 21 ದಿನಗಳ ಕಾವಿನಲ್ಲಿ ಹುಟ್ಟಿದವುಗಳಲ್ಲಿ ಅರ್ಧ ಮತ್ತೆ ಹುಂಜಗಳೇ ಆಗಿ, ಒಂದು ಜೀವದ ಪ್ರಶ್ನೆ ಹತ್ತು ಜೀವಗಳ ಪ್ರಶ್ನೆಯಾಗುವುದು.

ನಾಲ್ಕನೆಯದಾಗಿ, ಹುಂಜಕ್ಕೆ ಬೆಲೆ ಕಟ್ಟಬಾರದು. ಹಣ ಕೊಟ್ಟು ಕೊಂಡವನು ಕೊಲ್ಲಲಾರನೆಂದು ಕೆಲವರು ಎಣಿಸುವುದುಂಟು. ಈ ನಾಡಿನಲ್ಲಿ ಕೋಳಿಯನ್ನು ಹಣ ಕೊಟ್ಟು ಕೊಳ್ಳುವುದೇ ಅಡಿಗೆಗೆ, ಬೆಲೆಯು ಕಾವಲಾಗದು. ಸಂಜ್ಞಿ ಪಂಚೇಂದ್ರಿಯವಾದ, ದಶಪ್ರಾಣಗಳುಳ್ಳ ಜೀವವನ್ನು ಮಾರಿ ಹಣ ಎಣಿಸುವುದು ವ್ರತಿಗೆ ಶೋಭಿಸದು. ಬದಲಾಗಿ ಹುಂಜದ ಜೊತೆಗೆ ಕೊಟ್ಟವನೇ ಕೆಲವು ತಿಂಗಳ ಕಾಳನ್ನೋ ಕಾಳಿನ ಹಣವನ್ನೋ ಕೊಡುವುದು ಯೋಗ್ಯ. ಜೀವವನ್ನು ಒಪ್ಪಿಸಿ ಅದರ ಹೊಟ್ಟೆಯನ್ನು ಪೂರ್ತಿಯಾಗಿ ಪರರ ತಲೆಗೆ ಕಟ್ಟುವುದು ಅರ್ಧ ದಾನ. ಆದಿಪುರಾಣದಲ್ಲಿ ಜಿನಸೇನಾಚಾರ್ಯರು ಹೇಳಿದ ದಯಾದತ್ತಿಯ ಮರ್ಮ ಭಯವನ್ನು ಕಳೆಯುವುದರಲ್ಲಿದೆ. ಹಸಿವಿನ ಭಯವೂ ಭಯವೇ.

ಐದನೆಯದಾಗಿ, ಒಯ್ಯುವ ಬಗೆ. ಕಾಲು ಕಟ್ಟಿ ತಲೆಕೆಳಗಾಗಿ ತೂಗುಹಾಕಿ ಒಯ್ಯುವುದು ಸಂತೆಯ ರೂಢಿ. ಗಾಳಿಯಾಡುವ ಬುಟ್ಟಿಯಲ್ಲಿ, ಬಿಸಿಲೇರುವ ಮುಂಚೆ ಇಲ್ಲವೆ ಸಂಜೆಯ ತಂಪಿನಲ್ಲಿ ಒಯ್ಯಬೇಕು. ಜಡವಾಗಿದ್ದರೆ, ಮೂಗು ಸುರಿಯುತ್ತಿದ್ದರೆ ಪಶುವೈದ್ಯರಿಗೆ ತೋರಿಸದೆ ಸಾಗಿಸಬಾರದು. ಕೊಕ್ಕರೆ ರೋಗದಂತಹ ಅಂಟುರೋಗ ಹೊಸ ಮನೆಯ ಕೋಳಿಗಳೆಲ್ಲವನ್ನೂ ಕೊಲ್ಲಬಲ್ಲದು. ಆದುದರಿಂದ ಹೊಸದಾಗಿ ಬಂದುದನ್ನು ಮೂರು ನಾಲ್ಕು ವಾರ ಬೇರೆಯಾಗಿಯೇ ಇಡಬೇಕು. ಒಂದನ್ನು ಉಳಿಸಲು ಹೋಗಿ ಹತ್ತನ್ನು ಕಳೆದರೆ ಅದೂ ಪ್ರಮಾದವೇ.

ಪಡೆಯುವವನ ಮಾತು

ಈ ಎಲ್ಲಕ್ಕಿಂತ ಮುಖ್ಯವಾದುದು ಪಡೆಯುವವನಿಂದ ಪಡೆಯುವ ಮಾತು. ಸಾಧರ್ಮಿಯ ಮನೆ ದೊರೆಯದಿದ್ದಾಗ ಮಾಂಸಾಹಾರಿಯಾದ ರೈತನ ಮನೆಗೆ ಕೊಡಬಹುದೇ, ಅವನ ಮಾತನ್ನು ನಂಬಬಹುದೇ ಎಂಬ ಪ್ರಶ್ನೆ ಬರುತ್ತದೆ. ಹುಟ್ಟನ್ನೂ ಊಟವನ್ನೂ ನೋಡಿ ಮಾತಿನ ಬೆಲೆಯನ್ನು ನಿರ್ಣಯಿಸುವುದು ಜಿನಶಾಸನದ ಪದ್ಧತಿಯಲ್ಲ. ಅಹಿಂಸಾಣುವ್ರತಕ್ಕೆ ನಿದರ್ಶನವಾಗಿ ಸಮಂತಭದ್ರಸ್ವಾಮಿಗಳು ಆರಿಸಿದ್ದು ಅರಸನನ್ನಲ್ಲ, ಶ್ರೇಷ್ಠಿಯನ್ನಲ್ಲ, ಮಾತಂಗನಾದ ಯಮಪಾಲನನ್ನು. ಕೊಲ್ಲುವುದೇ ಅವನ ವೃತ್ತಿಯಾಗಿತ್ತು. ಚತುರ್ದಶಿಯ ದಿನ ಮಾತ್ರ ಕೊಲ್ಲೆನೆಂದು ಮುನಿಯ ಬಳಿ ನಿಯಮ ತೊಟ್ಟ ಅವನು ರಾಜಾಜ್ಞೆಗೂ ಬಗ್ಗಲಿಲ್ಲ. ಬೇಡನಾದ ಖದಿರಸಾರನು ಬಿಟ್ಟುದು ಕಾಗೆಯ ಮಾಂಸವೊಂದನ್ನೇ; ರೋಗಕ್ಕೆ ಅದೇ ಔಷಧವೆಂದು ಹೇಳಿದಾಗಲೂ ಆ ನಿಯಮವನ್ನು ಮುರಿಯಲಿಲ್ಲ. ಅದೇ ಜೀವ ಮುಂದೆ ಶ್ರೇಣಿಕ ಮಹಾರಾಜನಾಯಿತೆಂದು ಪುರಾಣಗಳು ಹೇಳುತ್ತವೆ.

ಎಲ್ಲ ಕೋಳಿಗಳನ್ನು ಬಿಡೆಂದು ಕೇಳಿದರೆ ಆಗದೆನ್ನುವವನು, ‘ಈ ಒಂದು ಹುಂಜವನ್ನು ಕೊಲ್ಲಬೇಡ, ಮಾರಬೇಡ, ಅಂಕಕ್ಕೆ ಬಿಡಬೇಡ, ಹರಕೆಗೆ ಒಪ್ಪಿಸಬೇಡ; ಸಾಕಲಾಗದಿದ್ದರೆ ಹಿಂದಕ್ಕೆ ತಂದುಕೊಡು’ ಎಂದು ಕೇಳಿದರೆ ಒಪ್ಪಬಲ್ಲನು. ಕಾಲಮಿತಿಯುಳ್ಳದ್ದು ನಿಯಮ, ಜೀವಾವಧಿಯದು ಯಮ. ಇಲ್ಲಿ ಕೇಳಬೇಕಾದುದು ಆ ಹುಂಜದ ಜೀವಾವಧಿಯ ಮಾತು. ಹುಂಜವು ಸಾಮಾನ್ಯವಾಗಿ ಐದರಿಂದ ಎಂಟು ವರ್ಷ ಬದುಕುತ್ತದೆ. ಚೆನ್ನಾಗಿ ಸಾಕಿದರೆ ಇನ್ನೂ ಹೆಚ್ಚು. ಆ ಅವಧಿಯನ್ನು ಮೊದಲೇ ತಿಳಿಸಿ ಮಾತು ಪಡೆಯಬೇಕು. ಮಾತು ಕೊಡಲು ಹಿಂಜರಿದವನು ಪ್ರಾಮಾಣಿಕನು. ಅವನಿಗೆ ವಂದಿಸಿ ಬೇರೆ ಮನೆಯನ್ನು ಹುಡುಕಬೇಕು. ಕೇಳುವ ಮುಂಚೆಯೇ ‘ಕೊಡಿ, ಕೊಡಿ’ ಎಂದು ಕೈಚಾಚುವವನಲ್ಲಿ ಹೆಚ್ಚು ವಿಚಾರಣೆ ಬೇಕು.

ಕೊಟ್ಟವನು ತಿಂಗಳೊಪ್ಪತ್ತಿನಲ್ಲಿ ಒಮ್ಮೆ ಹೋಗಿ ನೋಡಿಬರಬೇಕು. ಇದು ಅಪನಂಬಿಕೆಯಲ್ಲ. ಮದುವೆ ಮಾಡಿಕೊಟ್ಟ ಮಗಳ ಮನೆಗೆ ತಂದೆ ಹೋಗಿಬರುವುದು ಅಳಿಯನ ಮೇಲಣ ಸಂಶಯದಿಂದಲ್ಲ. ಹಿಂದಕ್ಕೆ ತಂದುಕೊಟ್ಟರೆ ಗೊಣಗದೆ ತೆಗೆದುಕೊಳ್ಳುವ ಸಿದ್ಧತೆಯೂ ಇರಬೇಕು. ಆ ಸಿದ್ಧತೆಯಿಲ್ಲದವನು ಕೊಟ್ಟದ್ದಲ್ಲ, ಕಳಚಿಕೊಂಡದ್ದು.

ನೆಲೆಯೇ ದೊರೆಯದಿದ್ದರೆ? ಆಗ ಉತ್ತರ ಕಠಿಣವಾದರೂ ಸರಳ: ತಂದವನೇ ಸಾಕಬೇಕು. ಕತ್ತಲಾದ ಮೇಲೆ ಕಾಡಿನಂಚಿನಲ್ಲಿಯೋ, ಬಸದಿಯ ಪ್ರಾಕಾರದಲ್ಲಿಯೋ ಬಿಟ್ಟುಬರುವುದು ಬಿಡುಗಡೆಯಲ್ಲ. ಮನೆಯಲ್ಲಿ ಕಾಳು ತಿಂದು ಬೆಳೆದ ಹುಂಜ ಕಾಡಿನಲ್ಲಿ ಒಂದೆರಡು ರಾತ್ರಿ ಉಳಿಯುವುದೂ ಅನುಮಾನ. ಹಸಿವು ನೀರಡಿಕೆಗೆ ಗುರಿಯಾಗುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಂತೆ ಅಪರಾಧವೂ ಹೌದು. ರಾಜ್ಯದ ಕಾಯಿದೆಗೆ ಹೆದರಿ ಮಾಡದಿರುವುದನ್ನು ಆಗಮದ ಮಾತಿಗೆ ಗೌರವವಿತ್ತು ಮಾಡದಿರುವುದು ಶ್ರಾವಕನಿಗೆ ಭೂಷಣ. ವಠಾರದ ಮನೆಯವರು ಊರಿನ ಬಂಧುವಿನ ತೋಟದಲ್ಲಿ ಇರಿಸಿ ತಿಂಗಳುತಿಂಗಳು ಅದರ ಖರ್ಚನ್ನು ಕೊಟ್ಟು ಸಾಕಿಸಬಹುದು. ಸ್ಥಳ ಬೇರೆಯಾದರೂ ಹೊಣೆ ತನ್ನದೇ ಎಂಬ ಭಾವವಿದ್ದರೆ ಸಾಕು.

ಮೂಲದಲ್ಲಿಯೇ ತಡೆ

ಇಷ್ಟೆಲ್ಲ ಪರಿಶ್ರಮದ ಮೂಲ ಜಾತ್ರೆಯ ಬುಟ್ಟಿಯ ಮುಂದೆ ಕಳೆದ ಒಂದು ನಿಮಿಷ. ಕೋಳಿಯು ಸ್ವಭಾವದಿಂದ ಹುಳುಹುಪ್ಪಟೆಗಳನ್ನು ಕೆದಕಿ ತಿನ್ನುವ ಜೀವಿ. ಅದನ್ನು ತರುವುದೆಂದರೆ ಅಂಗಳದ ತ್ರಸಜೀವಿಗಳಿಗೂ ಒಂದು ಭಯವನ್ನು ತಂದಂತೆಯೇ. ಬಂದುದನ್ನು ಕಾಪಾಡುವುದು ಧರ್ಮ. ಬೇಕೆಂದು ತರುವುದು ಪ್ರಮಾದ.

‘ಕೊಳ್ಳದಿದ್ದರೆ ಆ ಮರಿ ಸಾಯುತ್ತಿತ್ತು, ದಯೆಯಿಂದ ಕೊಂಡೆವು’ ಎಂಬ ಮಾತೂ ಕೇಳಿಬರುವುದು. ಆ ದಯೆ ನಿಜವಾದುದೇ. ಆದರೆ ಮಾರುವವನಿಗೆ ಅದು ದಯೆಯಾಗಿ ಮುಟ್ಟುವುದಿಲ್ಲ, ವ್ಯಾಪಾರವಾಗಿ ಮುಟ್ಟುತ್ತದೆ. ಮಾರಾಟವಾದ ಬುಟ್ಟಿಗೆ ಮರುದಿನ ಹೊಸ ಮರಿಗಳು ಬರುತ್ತವೆ. ದೆಹಲಿಯ ಕೆಂಪುಕೋಟೆಯ ಎದುರಿನ ದಿಗಂಬರ ಜೈನ ಲಾಲ್ ಮಂದಿರದ ಪಕ್ಷಿಗಳ ಆಸ್ಪತ್ರೆಯನ್ನು ಇಲ್ಲಿ ನೆನೆಯಬಹುದು. ಗಾಯಗೊಂಡ, ರೋಗಪೀಡಿತವಾದ ಹಕ್ಕಿಗಳನ್ನು ಜನರು ಅಲ್ಲಿಗೆ ತಂದೊಪ್ಪಿಸುತ್ತಾರೆ, ಹಣವಿಲ್ಲದೆ ಶುಶ್ರೂಷೆ ನಡೆಯುತ್ತದೆ. ಕಷ್ಟದಲ್ಲಿದ್ದ ಜೀವವನ್ನು ಎತ್ತಿಕೊಳ್ಳುವುದಕ್ಕೂ, ಕಷ್ಟವನ್ನು ಮಾರುವವನಿಗೆ ಹಣ ಕೊಡುವುದಕ್ಕೂ ಇರುವ ಅಂತರ ಈ ನಿದರ್ಶನದಿಂದ ತಿಳಿದುಬರುವುದು.

ಮಕ್ಕಳಿಗೆ ಈ ಅಂತರವನ್ನು ತಿಳಿಸುವ ಭಾರ ತಾಯಿತಂದೆಗಳದು. ಜಾತ್ರೆಯಲ್ಲಿ ಅಳುವ ಮಗುವಿಗೆ ಒಂದು ಮರಿಯನ್ನು ಕೊಡಿಸುವುದು ಸುಲಭ. ಐದು ತಿಂಗಳ ಮೇಲೆ ‘ನನ್ನ ಹುಂಜ ಎಲ್ಲಿ ಹೋಯಿತು?’ ಎಂದು ಅದೇ ಮಗು ಕೇಳಿದಾಗ ಉತ್ತರಿಸುವುದು ಕಷ್ಟ. ‘ತೋಟಕ್ಕೆ ಹೋಯಿತು’ ಎಂದು ಹೇಳಿ ಮಾತು ಮರೆಸುವ ಮನೆಗಳಲ್ಲಿ ಮಗುವು ಒಂದೇ ದಿನ ಎರಡು ಪಾಠಗಳನ್ನು ಕಲಿಯುತ್ತದೆ: ಜೀವವು ಬೇಡವಾದಾಗ ಕಳೆಯಬಹುದೆಂಬುದು ಒಂದು, ಕಳೆದುದನ್ನು ಸುಳ್ಳಿನಿಂದ ಮುಚ್ಚಬಹುದೆಂಬುದು ಇನ್ನೊಂದು. ಅದೇ ಮಗುವನ್ನು ಜೊತೆಗೆ ಕರೆದೊಯ್ದು, ಹುಂಜವನ್ನು ಹೊಸ ಮನೆಯ ಗೂಡಿಗೆ ತನ್ನ ಕೈಯಿಂದಲೇ ಬಿಡಿಸಿ, ತಿಂಗಳಿಗೊಮ್ಮೆ ನೋಡಿಬರುವಂತೆ ಮಾಡಿದರೆ ಅಭಯದಾನವೆಂಬ ಮಾತಿಗೆ ಬೇರೆ ವ್ಯಾಖ್ಯಾನ ಬೇಕಾಗದು.

ಈ ಸಲದ ಜೀವದಯಾಷ್ಟಮಿಗೆ ನೋಂಪಿ ಹಿಡಿಯುವ ಮನೆಗಳು ಉಪವಾಸ, ಏಕಭುಕ್ತಗಳ ಜೊತೆಗೆ ಮೂರು ಅಲ್ಪ ನಿಯಮಗಳನ್ನು ಸ್ವೀಕರಿಸಬಹುದು: ಆಟಿಕೆಗಾಗಿ ಜೀವವನ್ನು ಕೊಳ್ಳದಿರುವುದು, ಮನೆಗೆ ಬಂದ ಜೀವವನ್ನು ವಿಚಾರಿಸದೆ ಯಾರ ಕೈಗೂ ಒಪ್ಪಿಸದಿರುವುದು, ಒಪ್ಪಿಸಿದ ಮೇಲೆ ಅದರ ಕ್ಷೇಮವನ್ನು ಕೇಳುತ್ತಿರುವುದು. ಹೊಟ್ಟೆಯ ಉಪವಾಸ ಒಂದು ದಿನದ್ದು. ಈ ನಿಯಮಗಳು ಆ ಹುಂಜ ಬದುಕಿರುವವರೆಗಿನವು.